ಕೇಪಬಿಲಿಟಿ ಬ್ರೌನ್ ಅನ್ನೋ ಕೆರೆ ಕಟ್ಟಿದ ಮನುಷ್ಯ

ಇಂಗ್ಲೆಂಡಲ್ಲಿ ಗಾರ್ಡನ್ ಡಿಸೈನರ್‌ಗಳಿಗೆ ಸಿಗೋ ಮರ್ಯಾದೆ ನೋಡಿದ್ರೆ ನಮ್ಮ ಕಡೆಯೋರಿಗೆ ಆಶ್ಚರ್ಯ ಆಗುತ್ತೆ. ಟೀವಿ ಹಾಕಿದ್ರೆ ಆಲನ್ ಟಿಚ್‌ಮಾರ್ಷ್, ಚಾನೆಲ್ ಬದಲಾಯಿಸಿದ್ರೆ ಮಾಂಟಿ ಡಾನ್, ಮೇ ತಿಂಗಳು ಬಂತು ಅಂದ್ರೆ ಚೆಲ್ಸಿ ಫ್ಲವರ್ ಶೋ ಗಲಾಟೆ, ಯಾರಿಗೆ ಗೋಲ್ಡ್ ಮೆಡಲ್ ಬಂತು ಯಾರಿಗೆ ಬರ್ಲಿಲ್ಲ ಅಂತ ಆಫೀಸಲ್ಲಿ ಕಾಫಿ ಕುಡೀತಾ ಮಾತಾಡ್ತಾರೆ. ಈ ಸ್ಟಾರ್‌ಗಿರಿ ಶುರುವಾಗಿದ್ದು ಟೀವಿಯಿಂದ ಅಂದ್ಕೊಂಡಿದ್ರೆ ತಪ್ಪು. ಇನ್ನೂರೈವತ್ತು ವರ್ಷದ ಹಿಂದೇನೇ ಒಬ್ಬ ಇದ್ದ, ಡ್ಯೂಕ್‌ಗಳು ಅರ್ಲ್‌ಗಳು ಅವನು ಯಾವಾಗ ಬರ್ತಾನೆ ಅಂತ ಕಾದು ಕೂತಿರ್ತಿದ್ರು, ಅವನು ಬಂದು ಹೋದ ಅಂದ್ರೆ ಅದೇ ಒಂದು ಪ್ರತಿಷ್ಠೆ. ಹೆಸರು ಲ್ಯಾನ್ಸಲಾಟ್ ಬ್ರೌನ್. ಯಾರ ಜಮೀನು ನೋಡಿದ್ರೂ "ಇದಕ್ಕೆ ಒಳ್ಳೆ ಕೇಪಬಿಲಿಟಿ ಇದೆ ಸ್ವಾಮಿ" ಅಂತ ಹೇಳ್ತಿದ್ದನಂತೆ, ಅದಕ್ಕೇ ಕೇಪಬಿಲಿಟಿ ಬ್ರೌನ್ ಅಂತಾನೇ ಆಗೋಯ್ತು.

ಇವನ ಬಗ್ಗೆ ಇಲ್ಲಿ ಓದಿದ್ದೆಲ್ಲಾ ಹುಲ್ಲು, ಮರ, ನ್ಯಾಚುರಲ್ ಬ್ಯೂಟಿ ಅಂತಾನೇ ಇರುತ್ತೆ. ನಂಗೇನೋ ಅವನು ತೋಟಗಾರ ಅನ್ನೋದಕ್ಕಿಂತ ಕೆರೆ ಕಟ್ಟೋನು ಅಂತ ಅನ್ಸುತ್ತೆ. ಹೂವಿನ ಪಾತಿ ಮಾಡಿ ಹೆಸರು ಮಾಡಿದೋನಲ್ಲ, ಮಣ್ಣು ಅಗೆಸಿ, ಏರಿ ಹಾಕ್ಸಿ, ಹಳ್ಳದ ನೀರು ನಿಲ್ಲಿಸಿ ಹೆಸರು ಮಾಡಿದೋನು. ಇದನ್ನ ನಂಗೆ ತೋರ್ಸಿಕೊಟ್ಟಿದ್ದು ಯಾವ ಪುಸ್ತಕಾನೂ ಅಲ್ಲ, ಕೋಲಾರದ ಕಡೆಯಿಂದ ಬಂದ ನಮ್ಮಪ್ಪ. ಆ ವಿಷಯಕ್ಕೆ ಬರ್ತೀನಿ, ಮೊದ್ಲು ಅವನ ಕಥೆ.

ಹುಟ್ಟಿದ್ದು ಕಿರ್ಕ್‌ಹಾರ್ಲ್ ಅನ್ನೋ ಊರಲ್ಲಿ, ಇಂಗ್ಲೆಂಡಿನ ಉತ್ತರದ ತುದಿ ನಾರ್ತಂಬರ್‌ಲೆಂಡ್, ಇನ್ನೊಂದು ಸ್ವಲ್ಪ ಹೋದ್ರೆ ಸ್ಕಾಟ್ಲೆಂಡೇ. ಹುಟ್ಟಿದ ದಿನ ಗೊತ್ತಿಲ್ಲ, ಚರ್ಚಲ್ಲಿ ದೀಕ್ಷಾಸ್ನಾನ ಮಾಡ್ಸಿದ ದಿನ ಮಾತ್ರ ದಾಖಲಾಗಿದೆ, 1716ರ ಆಗಸ್ಟ್ 30. ಅಪ್ಪ ವ್ಯವಸಾಯ ಮಾಡ್ಕೊಂಡಿದ್ದೋನು, ಇವನಿಗೆ ನಾಲ್ಕು ವರ್ಷ ಆಗೋಷ್ಟ್ರಲ್ಲಿ ತೀರ್ಕೊಂಡ. ಅಮ್ಮ ಅಲ್ಲಿನ ದೊಡ್ಡ ಮನೇಲಿ ಕೆಲಸಕ್ಕಿದ್ದೋಳು. ಹುಡುಗ ಹದಿನಾರು ವರ್ಷದವರೆಗೆ ಪಕ್ಕದ ಊರಲ್ಲಿ ಓದಿ, ಆಮೇಲೆ ಅದೇ ದೊಡ್ಡ ಮನೆ ಯಜಮಾನ ಸರ್ ವಿಲಿಯಂ ಲೊರೇನ್ ಅವರ ತೋಟದಲ್ಲಿ ಹೆಡ್ ಗಾರ್ಡನರ್ ಕೈಕೆಳಗೆ ಕೆಲಸ ಕಲಿಯೋಕೆ ಸೇರ್ಕೊಂಡ. ತರಕಾರಿ ಮಡಿ, ಹಣ್ಣಿನ ಗಿಡ, ಗೊಬ್ಬರ, ಇದೇ ಕೆಲಸ ಏಳು ವರ್ಷ. ಆಮೇಲೆ ಏನನ್ನಿಸ್ತೋ, 1739ರಲ್ಲಿ ದಕ್ಷಿಣಕ್ಕೆ ಹೊರಟ. ಅವನಿಗೆ ಜೀವನ ಪೂರ್ತಿ ಉಬ್ಬಸದ ಕಾಟ ಇತ್ತು, ಆ ಚಳಿ ಬಿಟ್ಟು ಬಂದಿದ್ದಕ್ಕೆ ಅದೂ ಕಾರಣ ಇದ್ರೂ ಇರಬಹುದು.

ದಕ್ಷಿಣಕ್ಕೆ ಬಂದು ಆಕ್ಸ್‌ಫರ್ಡ್‌ಶೈರ್‌ನ ಕಿಡಿಂಗ್ಟನ್ ಅನ್ನೋ ಕಡೆ ಸಿಕ್ಕಿದ ಮೊದಲ ಕೆಲಸ ಏನು ಗೊತ್ತಾ, ಒಂದು ಕೆರೆ. ನೋಡಿ, ಶುರುವಾಗಿದ್ದೇ ಅಲ್ಲಿಂದ.

1741ರಲ್ಲಿ ಸ್ಟೋವ್‌ಗೆ ಸೇರ್ಕೊಂಡ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಲಾರ್ಡ್ ಕೋಬ್‌ಹ್ಯಾಮ್ ಅನ್ನೋರದ್ದು, ಆ ಕಾಲಕ್ಕೆ ಇಡೀ ದೇಶದಲ್ಲೇ ಅಷ್ಟು ದೊಡ್ಡ ಹೆಸರಿನ ಇನ್ನೊಂದು ತೋಟ ಇರ್ಲಿಲ್ಲ. ಸಂಬಳ ವರ್ಷಕ್ಕೆ 25 ಪೌಂಡ್. ಅಲ್ಲಿ ಡಿಸೈನ್ ಎಲ್ಲಾ ಮಾಡ್ತಿದ್ದೋನು ವಿಲಿಯಂ ಕೆಂಟ್, ಅವನು ಪೇಂಟರ್, ಇಟಲಿಯಲ್ಲಿದ್ದು ಬಂದೋನು, ಕಾಗದದ ಮೇಲೆ ಚಿತ್ರ ಬರೆದು ಕೊಟ್ಟು ಹೋಗ್ತಿದ್ದ, ಅದನ್ನ ನೆಲದ ಮೇಲೆ ಮಾಡಿ ತೋರಿಸೋ ತಲೆನೋವೆಲ್ಲಾ ಬ್ರೌನ್‌ದು. ಬೇಗನೇ ಹೆಡ್ ಗಾರ್ಡನರ್ ಆದ, 1744ರಲ್ಲಿ ಅಲ್ಲಿನ ಚರ್ಚಲ್ಲೇ ಬ್ರಿಜೆಟ್ ಅನ್ನೋಳನ್ನ ಮದುವೆ ಆದ. ಸ್ಟೋವ್‌ನಲ್ಲಿ ಗ್ರೀಶಿಯನ್ ವ್ಯಾಲಿ ಅಂತ ಒಂದು ಜಾಗ ಇದೆ, ನೋಡಿದ್ರೆ ದೇವರೇ ಮಾಡಿಟ್ಟಿರೋ ಕಣಿವೆ ಅನ್ಸುತ್ತೆ, ಅದು ಪೂರ್ತಿ ಗುದ್ದಲಿ ಸನಿಕೆ ಗಾಡೀಲಿ ಅಗೆದು ಸಾಗಿಸಿ ಮಾಡಿದ್ದು, ಜೆಸಿಬಿ ಗಿಸಿಬಿ ಇಲ್ಲದ ಕಾಲದಲ್ಲಿ. ಅಲ್ಲೂ ಕೊನೇಲಿ ಕೆರೆ ಮಾಡೋಣ ಅಂತ ಇತ್ತು, ಆದ್ರೆ ನೀರು ನಿಲ್ಲಲಿಲ್ಲ, ಹುಲ್ಲಾಗೇ ಉಳೀತು.

ಕೋಬ್‌ಹ್ಯಾಮ್ ಒಳ್ಳೆ ಯಜಮಾನ ಇರ್ಬೇಕು. ತನ್ನ ಫ್ರೆಂಡ್ಸ್ ಕೇಳಿದಾಗೆಲ್ಲಾ ಬ್ರೌನ್‌ನ ಕಳಿಸಿಕೊಡ್ತಿದ್ದ, ಸೈಡಲ್ಲಿ ಸಂಪಾದನೆ ಮಾಡ್ಕೋ ಅಂತ. 1749ರಲ್ಲಿ ಅವನು ಸತ್ತಾಗ ಬ್ರೌನ್ ಕೈಯಲ್ಲಿ ಆಗಲೇ ಸಿಕ್ಕಾಪಟ್ಟೆ ಕಾಂಟ್ಯಾಕ್ಟ್ಸ್ ಇತ್ತು, 1751ರಲ್ಲಿ ಲಂಡನ್ ಹತ್ರ ಹ್ಯಾಮರ್‌ಸ್ಮಿತ್‌ನಲ್ಲಿ ಮನೆ ಮಾಡಿ ಸ್ವಂತ ಬಿಸಿನೆಸ್ ಶುರು ಹಚ್ಕೊಂಡ.

ಮೊದಲ ದೊಡ್ಡ ಕಾಂಟ್ರ್ಯಾಕ್ಟ್ ಕ್ರೂಮ್, ವೂಸ್ಟರ್‌ಶೈರ್‌ನಲ್ಲಿ, ಅರ್ಲ್ ಆಫ್ ಕೊವೆಂಟ್ರಿ ಅವರದ್ದು. ಪೂರ್ತಿ ಜೌಗು ನೆಲ, ಕಾಲಿಟ್ರೆ ಹೂತುಹೋಗೋ ಥರದ್ದು. ಅಲ್ಲಿ ಅವನು ಮಾಡಿದ ಅಸಲಿ ಕೆಲಸ ಎಲ್ಲಾ ನೆಲದಡಿ ಇದೆ, ಇಟ್ಟಿಗೆಯ ಕಾಲುವೆಗಳನ್ನ ನೆಲದೊಳಗೆ ಹಾಸಿ, ಜೌಗಿನ ನೀರನ್ನೆಲ್ಲಾ ಬಸಿದು ಒಂದು ಕಡೆ ಕೂಡಿಸಿ, ಅದನ್ನೇ ಕೆರೆ ಮತ್ತು ಹೊಳೆ ಥರ ಕಾಣೋ ನಾಲೆ ಮಾಡ್ಬಿಟ್ಟ. ಸಾಲದು ಅಂತ ಮನೇನೂ ಅವನೇ ಡಿಸೈನ್ ಮಾಡಿದ. ಹಳೇ ಚರ್ಚು ಮನೆ ಪಕ್ಕ ಅಡ್ಡ ಇತ್ತು ಅಂತ ಅದನ್ನ ಕೆಡವಿಸಿ ಗುಡ್ಡದ ಮೇಲೆ ಹೊಸದು ಕಟ್ಸಿದ್ರು, ದುಡ್ಡಿದ್ರೆ ದೇವರನ್ನೂ ಶಿಫ್ಟ್ ಮಾಡಿಸ್ಬಹುದು. ಅರ್ಲ್ ಆಮೇಲೆ ಆ ಕೆರೆ ದಡದಲ್ಲೇ ಬ್ರೌನ್ ನೆನಪಿಗೆ ಒಂದು ಕಲ್ಲು ನಿಲ್ಲಿಸಿದ್ದಾನೆ, ಜೌಗಿನಿಂದ ಇಂಥಾ ತೋಟ ಹುಟ್ಟಿಸಿದೋನು ಅಂತ ಅದ್ರಲ್ಲಿ ಬರೆಸಿದಾನೆ. ತೋಟ ಮಾಡಿದೋನಿಗೆ ದಣಿ ಸ್ಮಾರಕ ಕಟ್ಟಿಸೋದು ಯಾವ ಕಾಲಕ್ಕೂ ಅಪರೂಪ.

ಇನ್ನು ಬ್ಲೆನ್‌ಹೈಮ್. ಲಂಡನ್‌ಗೆ ಬಂದ ನಮ್ಮವರನ್ನೆಲ್ಲಾ ಕರ್ಕೊಂಡು ಹೋಗೋ ಜಾಗ ಅದು, ಚರ್ಚಿಲ್ ಹುಟ್ಟಿದ ಅರಮನೆ ಅಂತ. ಎಲ್ಲರೂ ಅರಮನೆ ನೋಡ್ತಾರೆ, ಸೇತುವೆ ಮೇಲೆ ಫೋಟೋ ತೆಗೆಸ್ಕೋತಾರೆ, ಬರ್ತಾರೆ. ಆ ಸೇತುವೆ ಕಥೆ ಕೇಳಿ. ಅದನ್ನ ಕಟ್ಟಿಸಿದ್ದು ಬ್ರೌನ್ ಬರೋದಕ್ಕಿಂತ ಐವತ್ತು ವರ್ಷ ಮುಂಚೆ, ವ್ಯಾನ್‌ಬ್ರಾ ಅನ್ನೋ ಆರ್ಕಿಟೆಕ್ಟ್. ಭಾರೀ ಸೇತುವೆ, ಒಳಗಡೆ ಮೂವತ್ತಕ್ಕೂ ಹೆಚ್ಚು ಕೋಣೆಗಳು, ಕೆಳಗೆ ನೋಡಿದ್ರೆ ಗ್ಲೈಮ್ ಅನ್ನೋ ಸಣ್ಣ ಹೊಳೆ, ಹೊಳೆ ಅನ್ನೋದೂ ಜಾಸ್ತಿಯೇ, ಹಳ್ಳ. ಇಷ್ಟು ದೊಡ್ಡ ಸೇತುವೆ ಇಷ್ಟು ನೀರಿಗಾ ಅಂತ ಜನ ಆಡ್ಕೊಂಡು ನಗ್ತಿದ್ರು. 1764ರಲ್ಲಿ ಬ್ರೌನ್ ಬಂದ. ಬೇರೆ ಯಾರಾದ್ರೂ ಆಗಿದ್ರೆ ಸೇತುವೆ ಚಿಕ್ಕದು ಮಾಡೋಣ ಅಂತಿದ್ರೇನೋ, ಇವನು ನೀರನ್ನೇ ದೊಡ್ಡದು ಮಾಡ್ದ. ಬ್ಲೇಡನ್ ಊರ ಕಡೆ ಹೊಳೆಗೆ ಅಡ್ಡ ಏರಿ ಕಟ್ಟಿಸಿ ನೀರು ತುಂಬಿಸ್ದ, ಸೇತುವೆಯ ಕೆಳಭಾಗ ಮುಳುಗೋವರೆಗೆ. ಕೋಣೆಗಳು ಕೆಲವು ನೀರೊಳಗೆ ಹೋದ್ವು. 2018ರಲ್ಲಿ ರಿಪೇರಿಗೆ ಅಂತ ಕೆರೆ ನೀರು ಇಳಿಸಿದಾಗ ಆ ಮುಳುಗಿದ ಕೋಣೆಗಳು ಮತ್ತೆ ಕಾಣಿಸ್ಕೊಂಡ್ವು, ಗೋಡೆ ಮೇಲೆ ಹದಿನೆಂಟನೇ ಶತಮಾನದಲ್ಲಿ ಯಾರೋ ಗೀಚಿದ ಹೆಸರುಗಳು ಹಾಗೇ ಇದ್ವಂತೆ. ಗೋಡೆ ಮೇಲೆ ಹೆಸರು ಗೀಚೋ ಚಟ ನಮ್ಮ ಹಂಪಿಗೆ ಹೋಗೋ ಹುಡುಗ್ರಿಗೆ ಮಾತ್ರ ಅಲ್ಲ ಅಂತಾಯ್ತು.

ಅಪ್ಪ ಅಮ್ಮ ಬಂದಿದ್ದಾಗ ಇಲ್ಲಿಗೆ ಕರ್ಕೊಂಡು ಹೋಗಿದ್ದೆ. ಅಮ್ಮಂಗೆ ಅರಮನೆ ಒಳಗಿನ ಪಿಂಗಾಣಿ ನೋಡೋದ್ರಲ್ಲೇ ಟೈಮ್ ಸಾಲ್ಲಿಲ್ಲ. ಅಪ್ಪ ಐದೇ ನಿಮಿಷಕ್ಕೆ ಹೊರಗೆ ಬಂದು ನೀರು ನೋಡ್ತಾ ನಿಂತಿದ್ರು. ನಾನು ಗೈಡ್ ಥರ, ನೋಡಪ್ಪ ಇದು ನ್ಯಾಚುರಲ್ ಲೇಕ್ ಥರ ಕಾಣ್ಲಿ ಅಂತ ಡಿಸೈನ್ ಮಾಡಿರೋದು ಅಂತ ಶುರು ಹಚ್ಕೊಂಡೆ, ಅವರು ಕೇಳಿಸ್ಕೊಂಡ್ರೋ ಇಲ್ವೋ, "ಏರಿ ಎಲ್ಲೋ ಕಟ್ಟವ್ರೆ?" ಅಂದ್ರು. ಗೊತ್ತಿಲ್ಲ ಅಂದೆ. "ಅದೇನು ನೋಡ್ದೆ ಹಂಗಾದ್ರೆ, ನಡಿ ತೋರಿಸ್ತೀನಿ, ನೀರು ಎತ್ತಕಡೆ ಇಳೀತದೋ ಅತ್ತಕಡೆ ಇರ್ತದೆ" ಅಂತ ಹೊರಟೇಬಿಟ್ರು. ಅವರ ಹಿಂದೆ ದಡದಲ್ಲಿ ನಡ್ಕೊಂಡು ಹೋದ್ರೆ, ದೂರ ಇದೆ, ತಿರುವು ಮೇಲೆ ತಿರುವು, ಪ್ರತೀ ತಿರುವಲ್ಲೂ ಇನ್ನೇನು ಮುಗೀತು ಅನ್ಸುತ್ತೆ ಮತ್ತೆ ನೀರು ಕಾಣುತ್ತೆ. ಕೊನೇಲಿ ಮರಗಳ ಮಧ್ಯ ಸದ್ದು ಕೇಳಿಸ್ತು, ಬಂಡೆಗಳ ಮೇಲಿಂದ ನೀರು ಧುಮುಕ್ತಾ ಇದೆ. ಬೋರ್ಡಲ್ಲಿ ಗ್ರ್ಯಾಂಡ್ ಕ್ಯಾಸ್ಕೇಡ್ ಅಂತ ಬರ್ದಿದ್ರು. ಅಪ್ಪ ಅದನ್ನ ನೋಡಿ, "ಇದು ಕೋಡಿ" ಅಂದ್ರು. ಆಮೇಲೆ ಪಕ್ಕದ ದಿಬ್ಬ ತೋರಿಸಿ, ಇದೇ ಏರಿ, ಮೇಲೆ ಮರ ಬೆಳೆಸವ್ರೆ, ನಮ್ಮಲ್ಲಿ ಏರಿ ಮೇಲೆ ದೊಡ್ಡ ಮರ ಬಿಡಲ್ಲ, ಬೇರು ಹೋಗಿ ಬಿರುಕು ಬಿಡ್ತದೆ, ಇವ್ರು ಹೆಂಗೆ ಬಿಟ್ರೋ ಅಂತ ಅದೊಂದು ಆಕ್ಷೇಪಣೆ ಬೇರೆ.

ಅವರು ಹೇಳಿದ್ಮೇಲೆ ನಾನು ಬ್ರೌನ್‌ನ ಬೇರೆ ಜಾಗಗಳನ್ನೂ ಅದೇ ಕಣ್ಣಲ್ಲಿ ನೋಡೋಕೆ ಶುರು ಮಾಡ್ದೆ, ಎಲ್ಲಾ ಕಡೆ ಅದೇ ಲೆಕ್ಕ. ಕೆರೆ ಅಂಗಳಕ್ಕೆ ಜೇಡಿಮಣ್ಣು ಹಾಕಿ, ನೀರು ಚಿಮುಕಿಸಿ, ಆಳುಗಳ ಕೈಲಿ ಇಲ್ಲಾ ದನ ಕುರಿ ಓಡಾಡಿಸಿ ತುಳಿಸಿ ತುಳಿಸಿ ಗಟ್ಟಿ ಮಾಡೋದು, ನೀರು ಇಂಗಬಾರದು ಅಂತ. ವ್ಯತ್ಯಾಸ ಒಂದೇ, ನಮ್ಮ ಕೆರೆಗೆ ಏರಿಯೇ ಗೌರವ, ಊರಿಗೆ ಬರೋ ರಸ್ತೆ ಅದರ ಮೇಲೇ ಇರುತ್ತೆ, ತೂಬಿನ ಕಲ್ಲಿಗೆ ಕೆತ್ತನೆ ಮಾಡಿ ಪೂಜೆ ಮಾಡ್ತಾರೆ. ಬ್ರೌನ್ ಏರಿಯನ್ನ ಅಡಗಿಸಿಡ್ತಾನೆ. ಮರದ ಗುಂಪಿನ ಹಿಂದೆ, ತಿರುವಿನ ಆಚೆ, ಇಲ್ಲಾ ಸೇತುವೆ ಕೆಳಗೆ. ಮನೆ ಕಿಟಕಿಯಿಂದ ನೋಡೋನಿಗೆ ಇದು ಎಲ್ಲಿಂದಲೋ ಬಂದು ಎಲ್ಲಿಗೋ ಹರಿಯೋ ದೊಡ್ಡ ನದಿ ಅನ್ನಿಸ್ಬೇಕು, ಅಷ್ಟೇ ಅವನಿಗೆ ಬೇಕಾಗಿದ್ದು. ಅಚ್ಚುಕಟ್ಟು ಇಲ್ಲ, ಗದ್ದೆಗೆ ನೀರು ಬಿಡೋದಿಲ್ಲ, ಪೂರ್ತಿ ಕಣ್ಣಿಗೆ ಮಾತ್ರ. ಅಪ್ಪಂಗೆ ಇದು ಹೊಟ್ಟೆಗೆ ಇಳೀಲೇ ಇಲ್ಲ, ಇಷ್ಟು ನೀರು ಇಟ್ಕೊಂಡು ಒಂದು ಎಕರೆ ಬೆಳೆ ಇಲ್ವಲ್ಲೋ ಅಂತ ಕಾರಲ್ಲಿ ವಾಪಸ್ ಬರೋವಾಗ್ಲೂ ಅಂತಿದ್ರು.

ಬೇಲೀನೂ ಹಾಗೇ ಮಾಯ. ಹಾ-ಹಾ ಅಂತ ಒಂದು ಇದೆ, ಹೆಸರೇ ಅದು, ಮನೆ ಮುಂದಿನ ಹುಲ್ಲಿಗೂ ಆಚೆ ದನ ಮೇಯೋ ಜಾಗಕ್ಕೂ ಮಧ್ಯ ಒಂದು ಆಳದ ಗುಂಡಿಕಾಲುವೆ, ಒಂದು ಕಡೆ ಗೋಡೆ, ದೂರದಿಂದ ಕಾಣಲ್ಲ, ಹುಲ್ಲು ಒಂದೇ ಸಮ ಇದ್ದಂಗೆ ಕಾಣುತ್ತೆ ಆದ್ರೆ ಹಸು ದಾಟಿ ಬರೋಕಾಗಲ್ಲ. ಇದನ್ನ ಅವನು ಕಂಡುಹಿಡಿದಿದ್ದಲ್ಲ, ಮುಂಚೇನೇ ಇತ್ತು, ಅವನು ಚೆನ್ನಾಗಿ ಬಳಸ್ಕೊಂಡ.

1764ರಲ್ಲೇ ಮೂರನೇ ಜಾರ್ಜ್ ದೊರೆ ಅವನನ್ನ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೆಡ್ ಗಾರ್ಡನರ್ ಮಾಡಿದ, ವರ್ಷಕ್ಕೆ 2000 ಪೌಂಡ್, ಇರೋಕೆ ಮನೆ. ಸ್ಟೋವ್‌ನ 25 ಪೌಂಡ್ ನೆನಪಿಸ್ಕೊಳ್ಳಿ. ತಮಾಷೆ ಅಂದ್ರೆ ಅಲ್ಲಿನ ಹಳೇ ತೋಟಾನ ಅವನು ಮುಟ್ಟಲೇ ಇಲ್ಲ, ದೊರೆ ಹೇಳಿದ್ರೂ ಬೇಡ ಅಂದ. 1768ರಲ್ಲಿ ಒಂದು ದ್ರಾಕ್ಷಿ ಬಳ್ಳಿ ನೆಟ್ಟ, ಅದು ಇವತ್ತಿಗೂ ಹಣ್ಣು ಬಿಡ್ತಿದೆ, ಸೆಪ್ಟೆಂಬರ್ ಹೊತ್ತಿಗೆ ಹೋದ್ರೆ ಅಲ್ಲೇ ಅಂಗಡೀಲಿ ಸಿಗುತ್ತೆ. ಕ್ಯೂ ಗಾರ್ಡನ್ಸ್‌ನ ಒಂದು ಭಾಗ ಕೂಡ ಅವನ ಕಾಲದಲ್ಲಿ ರಿಚ್ಮಂಡ್ ಗಾರ್ಡನ್ಸ್ ಆಗಿತ್ತು, ಅಲ್ಲೂ ಅವನ ಕೈ ಆಡಿದೆ, ನಮ್ಮ ಲಾಲ್‌ಬಾಗ್ ನೋಡ್ಕೊಂಡ ಕ್ರುಂಬಿಗಲ್ ಇಂಡಿಯಾಕ್ಕೆ ಬರೋ ಮುಂಚೆ ಕೆಲಸ ಮಾಡಿದ್ದ ಕ್ಯೂ ಅದೇ.

ಲಾಲ್‌ಬಾಗ್ ಅಂದ್ಮೇಲೆ, ಹೈದರಾಲಿ ಅದನ್ನ ಶುರು ಮಾಡ್ಸಿದ್ದು 1760ರಲ್ಲಿ, ಅಂದ್ರೆ ಸರಿಯಾಗಿ ಬ್ರೌನ್ ಇಲ್ಲಿ ಮೆರೀತಿದ್ದ ಕಾಲ. ಹೈದರ್ ಶಿರಾದ ಮೊಗಲ್ ತೋಟ ನೋಡಿ ಚೌಕ ಚೌಕವಾಗಿ ಪಾತಿ ಹಾಕ್ಸಿದ, ಇಲ್ಲಿ ಬ್ರೌನ್ ಅಂಥಾ ಚೌಕ, ನೇರ ಸಾಲುಮರ, ಎಲ್ಲಾ ಕಿತ್ತು ಹಾಕಿಸ್ತಿದ್ದ. ಇಬ್ಬರಿಗೂ ಒಬ್ಬರಿಗೊಬ್ಬರು ಗೊತ್ತಿರ್ಲಿಕ್ಕಿಲ್ಲ, ಆದ್ರೆ ನಡುವೆ ಒಬ್ಬ ಇದ್ದ, ರಾಬರ್ಟ್ ಕ್ಲೈವ್. ಪ್ಲಾಸಿ ಗೆದ್ದು ಬಂಗಾಳದ ದುಡ್ಡು ಬಾಚ್ಕೊಂಡು ಬಂದು ಸರ್ರೆಯಲ್ಲಿ ಕ್ಲೇರ್‌ಮಾಂಟ್ ಅನ್ನೋ ಎಸ್ಟೇಟ್ ತಗೊಂಡ, ಇದ್ದ ಮನೆ ಕೆಡವಿಸಿ ಹೊಸ ಮನೆ ಮತ್ತು ಪಾರ್ಕ್ ಮಾಡಿಕೊಡು ಅಂತ 1769ರಲ್ಲಿ ಬ್ರೌನ್‌ಗೆ ವಹಿಸಿದ. ಅದೇ 1769ರಲ್ಲಿ ಹೈದರ್ ಮದ್ರಾಸ್ ಬಾಗಿಲವರೆಗೆ ಬಂದು ನಿಂತು ಕಂಪನಿಯವರ ಕೈಲಿ ಒಪ್ಪಂದಕ್ಕೆ ಸೈನ್ ಹಾಕಿಸ್ಕೊಂಡಿದ್ದು, ಅವನ ದಾಳಿ ಸುದ್ದಿ ಲಂಡನ್‌ಗೆ ಮುಟ್ಟಿ ಈಸ್ಟ್ ಇಂಡಿಯಾ ಕಂಪನಿ ಷೇರು ಬಿದ್ದಿತ್ತು. ಕ್ಲೈವ್ ಮನೇಲಿ ಮುರ್ಶಿದಾಬಾದ್ ಖಜಾನೆಯ ಚಿನ್ನ ತುಂಬಿದ್ದ ಒಂದು ಪೆಟ್ಟಿಗೆ ಇತ್ತಂತೆ, ಮಲಗೋ ಕೋಣೆ ಹತ್ರಾನೇ ಅದನ್ನ ಇಟ್ಕೊಂಡು ಈ ಮನುಷ್ಯಂಗೆ ನಿದ್ದೆ ಹೇಗೆ ಬರುತ್ತೆ ಅಂತ ಬ್ರೌನ್‌ಗೆ ಆಶ್ಚರ್ಯ ಆಗಿತ್ತು ಅಂತ ಮೆಕಾಲೆ ಬರೆದಿದ್ದಾನೆ, ನಮ್ಮ ಇಂಗ್ಲಿಷ್ ಶಿಕ್ಷಣದ ಅದೇ ಮೆಕಾಲೆ. ಆಶ್ಚರ್ಯಪಟ್ಟ ಬ್ರೌನ್ ಬಿಲ್ ಮಾತ್ರ ಬಿಡ್ಲಿಲ್ಲ ಅನ್ನಿ. ಕ್ಲೈವ್ 1774ರಲ್ಲಿ ಸತ್ತ, ಆ ಮನೇಲಿ ಬಾಳೋ ಯೋಗ ಇರ್ಲಿಲ್ಲ.

ಬಿಲ್ ವಿಷಯಕ್ಕೆ ಬಂದ್ರೆ ಬ್ರೌನ್‌ನ ಲೆಕ್ಕದ ಪುಸ್ತಕ ಒಂದು ಉಳಿದಿದೆ, ಅದ್ರಲ್ಲಿರೋ ಒಂದು ಸಂಗತಿ ನಂಗೆ ತುಂಬಾ ಇಷ್ಟ. ಸಫೋಕ್‌ನಲ್ಲಿ ಡಿಕಿನ್ಸ್ ಅನ್ನೋ ಗಿರಾಕಿ, ಎಕ್ಸ್‌ಟ್ರಾ ಕೆಲಸ ಮಾಡಿಸ್ಕೊಂಡು ಅದಕ್ಕೆ ದುಡ್ಡು ಕೊಡಲ್ಲ ಅಂದ. ಬ್ರೌನ್ ಅವನ ಮುಖದ ಮುಂದೇನೇ ಲೆಕ್ಕದ ಕಾಗದ ಹರಿದು ಹಾಕಿ, ಹೇಳೋದೆಲ್ಲಾ ಹೇಳಿ ಬಂದ ಅಂತ ಆ ಪುಸ್ತಕದಲ್ಲೇ ಬರ್ಕೊಂಡಿದೆ. ಫ್ರೀಲಾನ್ಸ್ ಕೆಲಸ ಮಾಡೋ ನನ್ನ ಫ್ರೆಂಡ್ ಒಬ್ಬನಿಗೆ ಇದನ್ನ ಕಳಿಸ್ದೆ, ಪ್ರಿಂಟ್ ತೆಗೆದು ಗೋಡೆಗೆ ಹಾಕ್ಕೋತೀನಿ ಅಂದ.

ಕೆಲಸ ಮಾಡ್ತಿದ್ದ ರೀತೀನೂ ಇವತ್ತಿನ ಕನ್ಸಲ್ಟೆಂಟ್‌ಗಳ ಹಾಗೇನೇ. ಕುದುರೆ ಮೇಲೆ ಬಂದು ಎಸ್ಟೇಟ್ ಒಂದು ಸುತ್ತು ಹಾಕಿ, ಇಲ್ಲಿ ನೀರು, ಅಲ್ಲಿ ಮರದ ಗುಂಪು, ಆ ಗುಡ್ಡಕ್ಕೆ ಅಂಚು ಕಟ್ಟೋ ಹಾಗೆ ಕಾಡು ಅಂತ ಹೇಳ್ತಿದ್ದ, ಆಮೇಲೆ ಸ್ಪೈಯರ್ಸ್, ಲ್ಯಾಪಿಜ್ ಥರದ ತನ್ನ ಕಡೆಯೋರು ಬಂದು ಸರ್ವೆ ಮಾಡಿ ಪ್ಲಾನ್ ಬರೀತಿದ್ರು, ಸ್ಥಳದಲ್ಲಿ ಮೇಸ್ತ್ರಿ ನಿಂತು ಮಾಡಿಸ್ತಿದ್ದ. 170ಕ್ಕೂ ಹೆಚ್ಚು ಜಾಗಗಳು, ಚಾಟ್ಸ್‌ವರ್ತ್, ಪೆಟ್‌ವರ್ತ್, ಬರ್ಲಿ, ಹೈಕ್ಲಿಯರ್, ಎಲ್ಲಾ ಇವನ ಕೈ ಹಾಯ್ದಿದ್ದೇ. ಐರ್ಲೆಂಡ್‌ಗೆ ಬಾ, ಬಂದು ಕಾಲಿಟ್ರೆ ಸಾವಿರ ಪೌಂಡ್ ಕೊಡ್ತೀನಿ ಅಂತ ಅಲ್ಲಿನ ಡ್ಯೂಕ್ ಒಬ್ಬ ಕರೆದ್ರೆ, ಇಂಗ್ಲೆಂಡ್ ಕೆಲಸಾನೇ ಇನ್ನೂ ಮುಗಿದಿಲ್ಲ ಅಂದನಂತೆ, ಎಂಥಾ ಗತ್ತು ನೋಡಿ.

ಎಲ್ಲಾ ಹೊಗಳಿಕೆ ಅಂದ್ಕೋಬೇಡಿ. ಡಾರ್ಸೆಟ್‌ನಲ್ಲಿ ಲಾರ್ಡ್ ಮಿಲ್ಟನ್ ಅಂತ ಒಬ್ಬ, ತನ್ನ ಮನೆ ಮುಂದೆ ಒಂದು ಇಡೀ ಪೇಟೆ ಊರು ಕಾಣುತ್ತೆ ಅಂತ ಅದನ್ನೇ ತೆಗೆಸಿಬಿಟ್ಟ, ಅಂಗಡಿ, ಮನೆ, ಶಾಲೆ ಎಲ್ಲಾ. ಜನರನ್ನ ಒಕ್ಕಲೆಬ್ಬಿಸಿ ಗುಡ್ಡದ ಆಚೆ ಮಿಲ್ಟನ್ ಅಬ್ಬಾಸ್ ಅಂತ ಹೊಸ ಹಳ್ಳಿ ಮಾಡಿ ಹಾಕಿದ್ರು, ಸಾಲಾಗಿ ಹುಲ್ಲಿನ ಸೂರಿನ ಬಿಳಿ ಮನೆಗಳು, ಈಗ ಟೂರಿಸ್ಟ್‌ಗಳು ಎಷ್ಟು ಕ್ಯೂಟ್ ಅಂತ ಫೋಟೋ ತೆಗೀತಾರೆ. ಆ ಕಣಿವೇಲಿ ಕೆರೆ. ಅದ್ರಲ್ಲಿ ಬ್ರೌನ್ ಕೈನೂ ಇತ್ತು, ಅವನ ಶತ್ರು ವಿಲಿಯಂ ಚೇಂಬರ್ಸ್ ಕೈನೂ ಇತ್ತು. ಈ ಚೇಂಬರ್ಸ್ ಆರ್ಕಿಟೆಕ್ಟ್, ದೊರೆಗೆ ಬೇಕಾದೋನು, ಬ್ರೌನ್ ಥರ ತರಕಾರಿ ಮಡಿಯಿಂದ ಎದ್ದು ಬಂದೋರೆಲ್ಲಾ ದೊಡ್ಡ ಮನುಷ್ಯರಾದ್ರು ಅಂತ 1772ರಲ್ಲಿ ಪ್ರಿಂಟ್ ಮಾಡ್ಸಿ ಚುಚ್ಚಿದೋನು. ಊರು ಎತ್ತಿಸೋ ಕೆಲಸದಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ದುಡ್ಡು ತಗೊಂಡಿದ್ದಾರೆ. ಬ್ರೌನ್ ಕಿತ್ತು ಹಾಕಿಸಿದ ಹಳೇ ತೋಟಗಳು, ನೂರಾರು ವರ್ಷದ ಸಾಲುಮರಗಳು, ಅವುಗಳ ಲೆಕ್ಕ ಯಾರೂ ಇಟ್ಟಿಲ್ಲ. ಅವನ ಕಾಲದಲ್ಲೇ ರಿಚರ್ಡ್ ಕೇಂಬ್ರಿಡ್ಜ್ ಅನ್ನೋ ಕವಿ ಅವನಿಗೇ ಹೇಳಿದ್ನಂತೆ, ನಿನಗಿಂತ ಮುಂಚೆ ನಾನು ಸಾಯ್ಬೇಕಪ್ಪ, ನೀನು ಹೋಗಿ ಸ್ವರ್ಗಾನ ಇಂಪ್ರೂವ್ ಮಾಡೋ ಮುಂಚೆ ಒಂದು ಸಲ ಹೇಗಿದೆಯೋ ಹಾಗೇ ನೋಡ್ಬಿಡ್ತೀನಿ ಅಂತ.

ಕೊನೆಗೆ ದುಡ್ಡು ಚೆನ್ನಾಗೇ ಮಾಡ್ಕೊಂಡ. 1767ರಲ್ಲಿ ಕೇಂಬ್ರಿಡ್ಜ್ ಹತ್ರ ಫೆನ್‌ಸ್ಟಾಂಟನ್ ಅನ್ನೋ ಊರಿನ ಜಮೀನ್ದಾರಿಕೇನೇ ಕೊಂಡ್ಕೊಂಡ, 1770ರಲ್ಲಿ ಆ ಜಿಲ್ಲೆಗೆ ಹೈ ಶೆರಿಫ್ ಆದ. ಮಗಳನ್ನ ತನ್ನ ಪಾರ್ಟ್‌ನರ್ ಆರ್ಕಿಟೆಕ್ಟ್ ಹೆನ್ರಿ ಹಾಲೆಂಡ್‌ಗೆ ಕೊಟ್ಟಿದ್ದ. 1783ರ ಫೆಬ್ರವರಿ 6ಕ್ಕೆ, ಲಂಡನ್‌ನಲ್ಲಿ ಅದೇ ಕ್ರೂಮ್‌ನ ಅರ್ಲ್ ಮನೆಗೆ ಹೋಗಿ ವಾಪಸ್ ಬರ್ತಾ ಆ ಮಗಳ ಮನೆ ಬಾಗಿಲ ಹತ್ರ ಕುಸಿದು ಬಿದ್ದು ಹೋಗ್ಬಿಟ್ಟ. ಇಷ್ಟೆಲ್ಲಾ ಮಾಡಿದೋನು ತನ್ನ ಕೆಲಸದ ಬಗ್ಗೆ ಒಂದು ಪುಸ್ತಕ ಬರೀಲಿಲ್ಲ. ಹೋರೇಸ್ ವಾಲ್‌ಪೋಲ್ ಅನ್ನೋ ಬರಹಗಾರ ಒಬ್ಬಳು ಲೇಡಿಗೆ ಬರೆದ ಕಾಗದದಲ್ಲಿ, ನಿಮ್ಮ ವನದೇವತೆಗಳಿಗೆಲ್ಲಾ ಕಪ್ಪು ಕೈಗವಸು ಹಾಕ್ಸಿ, ಪ್ರಕೃತಿ ಅಮ್ಮನ ಎರಡನೇ ಗಂಡ ತೀರ್ಕೊಂಡ ಅಂತ ಬರ್ದ. ದೊರೆ ಜಾರ್ಜ್ ಏನ್ಮಾಡಿದ ಅಂದ್ರೆ, ಸುದ್ದಿ ಕೇಳಿ ನೆಟ್ಟಗೆ ರಿಚ್ಮಂಡ್ ತೋಟಕ್ಕೆ ಹೋಗಿ ಅಲ್ಲಿದ್ದ ಮಾಲಿಗೆ ಹೇಳಿದ್ನಂತೆ, "ಬ್ರೌನ್ ಹೋದ್ನಂತೆ, ಇನ್ಮೇಲೆ ಇಲ್ಲಿ ನೀನೂ ನಾನೂ ನಮಗೆ ಇಷ್ಟ ಬಂದಿದ್ದು ಮಾಡ್ಕೋಬಹುದು."

ಬ್ಲೆನ್‌ಹೈಮ್‌ಗೆ ಹೋಗೋರಿಗೆ ಒಂದು ಮಾತು, ಟಿಕೆಟ್ ದುಬಾರಿ, ಅರಮನೆ ಬೇಡ ಅನ್ನೋರು ಪಾರ್ಕ್ ಒಳಗೆ ಹಾದುಹೋಗೋ ಪಬ್ಲಿಕ್ ಫುಟ್‌ಪಾತ್ ಹಿಡೀಬಹುದು, ಅದಕ್ಕೆ ದುಡ್ಡು ಇಲ್ಲ, ಕೆರೆ ಚೆನ್ನಾಗಿ ಕಾಣುತ್ತೆ. ಕೋಡಿವರೆಗೆ ಹೋಗ್ಬೇಕು ಅಂದ್ರೆ ಮಾತ್ರ ಟಿಕೆಟ್ ತಗೊಳ್ಳಿ, ಮಳೆಗಾಲ ಅಂತ ಇಲ್ಲಿ ಬೇರೆ ಇಲ್ಲ, ವರ್ಷ ಪೂರ್ತಿ ಅದೇ ಗೋಳು, ಆದ್ರೂ ಜನವರಿ ಫೆಬ್ರವರಿಯಲ್ಲಿ ಹೋದ್ರೆ ನೀರಿನ ರಭಸ ಜೋರು. ಒಳ್ಳೆ ಬೂಟ್ಸ್ ಹಾಕ್ಕೊಂಡು ಹೋಗಿ, ಕೆಸರು ಸಿಕ್ಕಾಪಟ್ಟೆ.